ನೀರು ಮರಳಿ ಸಿಗುತ್ತದೆ, ಉಪ್ಪನ್ನು ಎಲ್ಲಿಡುವುದು?

ಬಳ್ಳಾರಿಯಲ್ಲಿ ಜೀನ್ಸ್ ತೊಳೆಯುವ, ಬಣ್ಣ ಹಾಕುವ ಘಟಕಗಳನ್ನು ಮುಚ್ಚುವಂತೆ 2024ರಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಆದೇಶಿಸಿತು. ಅದೇ ವರ್ಷ ಮಾರ್ಚ್‌ನಲ್ಲಿ, ಬೇಸಗೆಯ ಬರದಲ್ಲಿ ಬೆಂಗಳೂರು ಜಲಮಂಡಳಿ ಕಾರು ತೊಳೆಯಲು, ಕಟ್ಟಡ ಕಟ್ಟಲು ಕುಡಿಯುವ ನೀರು ಬಳಸಿದರೆ 5000 ರೂಪಾಯಿ ದಂಡ ಎಂದಿತ್ತು, ಸಂಸ್ಕರಿಸಿದ ನೀರು ಬಳಸಿ ಎಂದು ಒತ್ತಾಯಿಸಿತ್ತು. ಅಕ್ಟೋಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ದ್ರವ ತ್ಯಾಜ್ಯ ನಿರ್ವಹಣೆಯ ಕರಡು ನಿಯಮ ಹೊರಡಿಸಿತು. ಹೆಚ್ಚು ನೀರು ಬಳಸುವವರು ತಾವು ಬಳಸಿದ್ದರಲ್ಲಿ ಇಂತಿಷ್ಟು ಪಾಲನ್ನು ಸಂಸ್ಕರಿಸಿ ಮರುಬಳಸಲೇಬೇಕು, ಆ ಪಾಲು ವರ್ಷದಿಂದ ವರ್ಷಕ್ಕೆ ಏರಬೇಕು ಎಂಬುದು ಅದರ ತಿರುಳು.

ಈ ಮೂರೂ ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ಕೊಳೆ ನೀರನ್ನು ಶುದ್ಧ ಮಾಡಿ ಮತ್ತೆ ಬಳಸಬಹುದು ಎಂದು ಸರ್ಕಾರವೇ ಹೇಳುತ್ತಿರುವಾಗ ಬಳ್ಳಾರಿಯ ಘಟಕಗಳಿಗೆ ಬೀಗ ಹಾಕಿಸುವ ಬದಲು ಅವುಗಳ ನೀರನ್ನು ಶುದ್ಧ ಮಾಡಬಾರದೆ? ನೀರೂ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ. ಅಷ್ಟು ಸರಳವಾಗಿದ್ದರೆ ಇಷ್ಟು ಹೊತ್ತಿಗೆ ಆಗಿಯೇ ಹೋಗುತ್ತಿತ್ತು. ಎಲ್ಲಿ ತೊಡಕಿದೆ ಎಂದು ತಿಳಿಯಲು ಜೀನ್ಸ್‌ನಿಂದ ಶುರುಮಾಡಬೇಕು, ಆಮೇಲೆ ತಿರುಪ್ಪೂರಿಗೆ ಹೋಗಬೇಕು.

ಜೀನ್ಸ್‌ಗೆ ನೀರು ಯಾಕೆ?

ಹೊಲಿದು ಮುಗಿಸಿದ ಡೆನಿಮ್ ಪ್ಯಾಂಟು ತಗಡಿನಂತೆ ಬಿರುಸಾಗಿರುತ್ತದೆ. ನೂಲಿಗೆ ಹಾಕಿದ ಗಂಜಿ ಬಿಡಿಸಬೇಕು, ಪ್ಯೂಮಿಸ್ ಕಲ್ಲು ಅಥವಾ ಎಂಜೈಮ್ ಹಾಕಿ ನೀಲಿಯನ್ನು ಅಲ್ಲಲ್ಲಿ ಉದುರಿಸಬೇಕು, ಬ್ಲೀಚ್ ಮಾಡಬೇಕು, ಮೆದು ಮಾಡುವ ರಾಸಾಯನಿಕದಲ್ಲಿ ಅದ್ದಬೇಕು. ಪ್ರತಿ ಹಂತದ ನಡುವೆಯೂ ಜಾಲಿಸಬೇಕು. ಕಪ್ಪು, ಬೂದು, ಖಾಕಿ ಬಣ್ಣದ ಪ್ಯಾಂಟಾದರೆ ಬಣ್ಣ ಹಾಕುವ ಕೆಲಸವೂ ಸೇರಿಕೊಳ್ಳುತ್ತದೆ. ಇಷ್ಟೂ ಕೆಲಸ ನಡೆಯುವುದು ವಾಷಿಂಗ್ ಘಟಕದಲ್ಲಿ.

ಬಳ್ಳಾರಿಯ ಜೀನ್ಸ್ ಉದ್ಯಮದ ರಚನೆ ಗೊತ್ತಿದ್ದವರಿಗೆ ಈ ಘಟಕಗಳನ್ನು ಮುಚ್ಚಿದ ಪೆಟ್ಟು ಎಲ್ಲೆಲ್ಲಿಗೆ ತಗಲುತ್ತದೆಂದು ಬೇಗ ಅರ್ಥವಾಗುತ್ತದೆ. ಕತ್ತರಿಸುವುದು ಒಂದು ಕಡೆ, ಹೊಲಿಯುವುದು ಇನ್ನೊಂದು ಮನೆಯಲ್ಲಿ, ಗುಂಡಿ ಹಾಕುವುದು, ದಾರ ಕತ್ತರಿಸುವುದು ಮತ್ತೊಂದು ಮನೆಯಲ್ಲಿ. ಹೆಚ್ಚಿನದು ಜಾಬ್ ವರ್ಕ್. ಈ ಎಲ್ಲ ಮನೆಗಳ ಮಾಲು ಕೊನೆಗೆ ಬಂದು ಸೇರುವುದು ಕೆಲವೇ ವಾಷಿಂಗ್ ಘಟಕಗಳಿಗೆ. ಆ ಕೆಲವು ನಿಂತರೆ ಹಿಂದಿನ ಸಾಲೆಲ್ಲ ನಿಲ್ಲುತ್ತದೆ. ತೊಳೆಯದ ಪ್ಯಾಂಟನ್ನು ಯಾರೂ ಕೊಳ್ಳುವುದಿಲ್ಲ. ಹಾಗಾಗಿ ಮುಚ್ಚಿದ ಘಟಕಗಳನ್ನು ಎಣಿಸಿದರೆ ನಷ್ಟದ ಅಳತೆ ಸಿಗುವುದಿಲ್ಲ, ಹೊಲಿಗೆ ಮೆಷಿನ್ ನಿಂತ ಮನೆಗಳನ್ನು ಎಣಿಸಬೇಕು.

ಮಾಲಿನ್ಯ ನಿಯಂತ್ರಣ ಮಂಡಳಿಯ ಕಡೆಯಿಂದಲೂ ನೋಡಬೇಕು. ಶುದ್ಧೀಕರಣ ಘಟಕವಿಲ್ಲದೆ ನೀಲಿ ನೀರು ಚರಂಡಿಗೆ, ಅಲ್ಲಿಂದ ಹಳ್ಳಕ್ಕೆ ಹೋದರೆ ಜಲ ಕಾಯ್ದೆಯ ಪ್ರಕಾರ ಅದು ಅಪರಾಧ. ಕಾಯ್ದೆ 1974ರದು, ಹೊಸದೇನಲ್ಲ. ಬಳ್ಳಾರಿ ನೀರಿಗಾಗಿ ನೆಚ್ಚಿಕೊಂಡಿರುವುದು ತುಂಗಭದ್ರೆಯನ್ನು. ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಇಂಥ ಸೀಮೆಯಲ್ಲಿ ಹಳ್ಳ, ಕೆರೆ, ಅಂತರ್ಜಲವನ್ನು ಕೆಡಿಸಿಕೊಂಡರೆ ಬದಲಿಗೆ ತರಲು ಬೇರೆ ನೀರಿಲ್ಲ.

ನೊಯ್ಯಲ್ ನದಿಯ ಪಾಠ

ಇದೇ ಬಿಕ್ಕಟ್ಟನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ಅನುಭವಿಸಿದ ಊರು ತಮಿಳುನಾಡಿನ ತಿರುಪ್ಪೂರು. ಬನಿಯನ್, ಟಿ-ಷರ್ಟ್‌ಗಳ ರಫ್ತಿಗೆ ಹೆಸರಾದ ಊರು. ಅಲ್ಲಿ ಹರಿಯುವ ನೊಯ್ಯಲ್, ಕೊಯಮತ್ತೂರಿನ ಪಶ್ಚಿಮಕ್ಕಿರುವ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ ಕಾವೇರಿ ಸೇರುವ ನದಿ. ರಫ್ತು ಬೆಳೆದಂತೆ ಬಣ್ಣದ ಕಾರ್ಖಾನೆಗಳೂ ಬೆಳೆದವು, ಅವುಗಳ ನೀರೆಲ್ಲ ನದಿಗೇ ಬಿತ್ತು.

ಕೆಳಗೆ ಒರತ್ತುಪಾಳಯಂನಲ್ಲಿ 1990ರ ದಶಕದ ಆರಂಭದಲ್ಲಿ ರೈತರಿಗಾಗಿ ಅಣೆಕಟ್ಟು ಕಟ್ಟಿದ್ದರು. ಅದರಲ್ಲಿ ಮಳೆನೀರಿನ ಬದಲು ಬಣ್ಣದ ಕಾರ್ಖಾನೆಗಳ ನೀರು ತುಂಬಿತು. ಕೆಲವೇ ವರ್ಷಗಳಲ್ಲಿ, ಯಾರಿಗಾಗಿ ಅಣೆಕಟ್ಟು ಕಟ್ಟಿತ್ತೋ ಆ ರೈತರೇ ಗೇಟು ತೆರೆಯಬೇಡಿ ಎಂದು ಬೇಡಿಕೊಳ್ಳುವ ಸ್ಥಿತಿ ಬಂತು. ಆ ನೀರು ಹಾಯಿಸಿದ ಹೊಲ ಸವಳಾಗುತ್ತಿತ್ತು, ಬಾವಿ ಉಪ್ಪಾಗುತ್ತಿತ್ತು.

ನೊಯ್ಯಲ್ ಅಚ್ಚುಕಟ್ಟಿನ ರೈತರ ಸಂಘ ಮದ್ರಾಸ್ ಹೈಕೋರ್ಟ್‌ಗೆ ಹೋಯಿತು. 2006ರ ಡಿಸೆಂಬರ್‌ನಲ್ಲಿ ನ್ಯಾಯಾಲಯ, ಒಂದು ಹನಿ ತ್ಯಾಜ್ಯವೂ ಆವರಣದಿಂದ ಹೊರಹೋಗದ ವ್ಯವಸ್ಥೆ ಮಾಡಿಕೊಳ್ಳಿ, ಮಾಡಿಕೊಳ್ಳುವವರೆಗೆ ಹೊರಬಿಟ್ಟ ನೀರಿಗೆ ಲೀಟರ್ ಲೆಕ್ಕದಲ್ಲಿ ದಂಡ ಕಟ್ಟಿ ಎಂದಿತು. ಕಾರ್ಖಾನೆಯವರು ಸುಪ್ರೀಂ ಕೋರ್ಟ್‌ಗೆ ಹೋದರು. 2009ರ ಅಕ್ಟೋಬರ್‌ನಲ್ಲಿ ಅಲ್ಲಿಯೂ, ಮಾಲಿನ್ಯ ಮಾಡಿದವರೇ ಅದರ ವೆಚ್ಚ ಭರಿಸಬೇಕು ಎಂಬ ತತ್ವ ಗಟ್ಟಿಯಾಯಿತು. ಆದರೂ ನೀರು ಹರಿಯುವುದು ನಿಲ್ಲಲಿಲ್ಲ. ಕೊನೆಗೆ 2011ರ ಜನವರಿ 28ರಂದು ಹೈಕೋರ್ಟ್ ಬಣ್ಣದ ಕಾರ್ಖಾನೆಗಳನ್ನೂ ಅವುಗಳ ಸಾಮೂಹಿಕ ಶುದ್ಧೀಕರಣ ಘಟಕಗಳನ್ನೂ ಮುಚ್ಚಿಸಿತು. 700ಕ್ಕೂ ಹೆಚ್ಚು ಕಾರ್ಖಾನೆಗಳು ನಿಂತವು. ಬಟ್ಟೆಗೆ ಬಣ್ಣ ಹಾಕಿಸಲು ಬೇರೆ ಊರಿಗೆ ಲಾರಿಗಳು ಓಡಿದವು, ಕಾರ್ಮಿಕರು ಊರು ಬಿಟ್ಟರು. ರಾಜ್ಯ ಸರ್ಕಾರ 200 ಕೋಟಿ ರೂಪಾಯಿ ಬಡ್ಡಿರಹಿತ ಸಾಲ ಕೊಟ್ಟ ಮೇಲೆ, ಹೊಸ ವ್ಯವಸ್ಥೆ ಕೂಡಿಸಿಕೊಂಡ ಘಟಕಗಳು ಒಂದೊಂದಾಗಿ ತೆರೆದವು.

ಇವತ್ತು ತಿರುಪ್ಪೂರಿನಲ್ಲಿ 18 ಸಾಮೂಹಿಕ ಶುದ್ಧೀಕರಣ ಘಟಕಗಳಿವೆ. ಬಳಸಿದ ನೀರಿನ ಬಹುಪಾಲು ಮತ್ತೆ ಬಣ್ಣದ ತೊಟ್ಟಿಗೇ ಮರಳುತ್ತದೆ. ಒಂದು ಹನಿ ತ್ಯಾಜ್ಯವನ್ನೂ ಹೊರಬಿಡದ ಈ ವ್ಯವಸ್ಥೆಯನ್ನು ಅಧಿಕಾರಿಗಳು, ಉದ್ಯಮಿಗಳು ಝಡ್‌ಎಲ್‌ಡಿ ಎನ್ನುತ್ತಾರೆ. ಶೂನ್ಯ ದ್ರವ ವಿಸರ್ಜನೆ ಎಂದರೂ ಅದೇ. ಮಳೆಗಾಲದ ರಾತ್ರಿಗಳಲ್ಲಿ ಕದ್ದು ನೀರು ಬಿಡುವವರು ಇಲ್ಲವೆಂದಲ್ಲ, ನೊಯ್ಯಲ್‌ನಲ್ಲಿ ನೊರೆ ಎದ್ದ ಸುದ್ದಿ ಈಗಲೂ ಬರುತ್ತದೆ. ಆದರೂ ಇಷ್ಟು ದೊಡ್ಡ ಜವಳಿ ಕೇಂದ್ರವೊಂದು ಈ ಪದ್ಧತಿಗೆ ತಿರುಗಿದ್ದು ಸಣ್ಣ ಮಾತಲ್ಲ.

ನೀರಿನ ಕೊರತೆಯ ದೃಷ್ಟಿಯಿಂದ ಮುಖ್ಯವಾದ ಇನ್ನೊಂದು ಸಂಗತಿ ಇಲ್ಲಿದೆ. ತಿರುಪ್ಪೂರಿನ ಉದ್ಯಮಕ್ಕೂ ಊರಿಗೂ ಭವಾನಿ ನದಿಯಿಂದ ದಿನಕ್ಕೆ 18.5 ಕೋಟಿ ಲೀಟರ್ ತರುವ ದೊಡ್ಡ ಯೋಜನೆಯನ್ನು ಖಾಸಗಿ ಪಾಲುದಾರಿಕೆಯಲ್ಲಿ ಕಟ್ಟಲಾಗಿತ್ತು. ಮೊದಲು ಕಾರ್ಖಾನೆಗಳು ನಿಂತವು, ಆಮೇಲೆ ಮರುಬಳಕೆ ಶುರುವಾಯಿತು, ಉದ್ಯಮಕ್ಕೆ ಬೇಕಾದ ಹೊಸ ನೀರು ಲೆಕ್ಕಕ್ಕಿಂತ ಬಹಳ ಕಡಿಮೆಯಾಯಿತು. ಮರುಬಳಕೆಯಿಂದ ನದಿಯ ಮೇಲಿನ ಹೊರೆ ನಿಜವಾಗಿಯೂ ಇಳಿಯುತ್ತದೆ ಎಂಬುದರಲ್ಲಿ ಅನುಮಾನ ಬೇಡ.

ಬಣ್ಣ ಹೋಗುತ್ತದೆ, ಉಪ್ಪು ಹೋಗುವುದಿಲ್ಲ

ಹಾಗಿದ್ದರೆ ತೊಡಕು ಯಾವುದು? ಉಪ್ಪು.

ಹತ್ತಿ ಬಟ್ಟೆಗೆ, ನೂಲಿನ ಜೊತೆ ರಾಸಾಯನಿಕವಾಗಿ ಬೆಸೆಯುವ ರಿಯಾಕ್ಟಿವ್ ಬಣ್ಣ ಹಾಕುವಾಗ ಬಣ್ಣ ನೀರಿನಲ್ಲೇ ಉಳಿಯಲು ನೋಡುತ್ತದೆ. ಅದನ್ನು ನೂಲಿನ ಕಡೆಗೆ ತಳ್ಳಲು ತೊಟ್ಟಿಗೆ ಹೇರಳವಾಗಿ ಉಪ್ಪು ಸುರಿಯಬೇಕು. ಅಡುಗೆ ಉಪ್ಪೋ ಸೋಡಿಯಂ ಸಲ್ಫೇಟೋ, ಗಾಢ ಬಣ್ಣಕ್ಕಾದರೆ ಲೀಟರಿಗೆ 50 ಗ್ರಾಂಗಿಂತಲೂ ಹೆಚ್ಚು. ಬಣ್ಣದ ಬಹುಪಾಲು ಬಟ್ಟೆಗೆ ಅಂಟಿ ಉಳಿದದ್ದು ನೀರಿಗೆ ಹೋಗುತ್ತದೆ. ಉಪ್ಪು ಮಾತ್ರ ಬಟ್ಟೆಗೆ ಅಂಟುವುದೇ ಇಲ್ಲ, ಹಾಕಿದ್ದಷ್ಟೂ ಹೊರಗೆ ಬರುತ್ತದೆ.

ಕಣ್ಣಿಗೆ ಕಾಣುವ ಬಣ್ಣವನ್ನು ತೆಗೆಯುವುದು ಕಷ್ಟವಲ್ಲ. ಸುಣ್ಣ, ಫೆರಸ್ ಸಲ್ಫೇಟ್ ಹಾಕಿ ಕೆಸರಾಗಿ ಇಳಿಸಬಹುದು, ಬ್ಯಾಕ್ಟೀರಿಯಾ ಬಿಟ್ಟು ತಿನ್ನಿಸಬಹುದು, ಇಂಗಾಲದ ಹಾಸಿನಲ್ಲಿ ಸೋಸಬಹುದು. ಹೀಗೆ ತಿಳಿಯಾದ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ತೋರಿಸುವುದು ಶುದ್ಧೀಕರಣ ಘಟಕಗಳ ಉದ್ಘಾಟನೆಯಲ್ಲಿ ವಾಡಿಕೆ. ಆ ಲೋಟದಲ್ಲಿ ಉಪ್ಪು ಹಾಗೆಯೇ ಇರುತ್ತದೆ. ಕರಗಿದ ಉಪ್ಪನ್ನು ಬ್ಯಾಕ್ಟೀರಿಯಾ ತಿನ್ನುವುದಿಲ್ಲ, ಅದು ತಾನಾಗಿ ತಳಕ್ಕೆ ಇಳಿಯುವುದೂ ಇಲ್ಲ. ಅದರ ಅಳತೆಗೇ ಟಿಡಿಎಸ್ ಎನ್ನುವುದು. ಒಳನಾಡಿನ ನದಿ, ಹಳ್ಳಗಳಿಗೆ ಬಿಡುವ ತ್ಯಾಜ್ಯದಲ್ಲಿ ಅದು ಲೀಟರಿಗೆ 2100 ಮಿಲಿಗ್ರಾಂ ಮೀರಬಾರದು ಎಂಬ ಮಿತಿ ಬಳಕೆಯಲ್ಲಿದೆ. ಬಣ್ಣದ ಕಾರ್ಖಾನೆಯ ನೀರಿನಲ್ಲಿ ಅದರ ಎರಡು ಮೂರು ಪಟ್ಟು ಇರುವುದು ಸಾಮಾನ್ಯ.

ಮಣ್ಣಿಗೆ ಇದು ಏನು ಮಾಡುತ್ತದೆ? ಸೋಡಿಯಂ ಹೆಚ್ಚಾದಾಗ ಜೇಡಿಮಣ್ಣಿನ ಕಣಗಳು ಒಂದನ್ನೊಂದು ಬಿಟ್ಟು ಚದುರುತ್ತವೆ, ಸಂದುಗಳು ಮುಚ್ಚಿಕೊಳ್ಳುತ್ತವೆ, ನೀರು ಇಂಗದು, ಒಣಗಿದಾಗ ನೆಲ ಕಲ್ಲಾಗುತ್ತದೆ. ಜೇಡಿ ಹೆಚ್ಚಿರುವ ಕಪ್ಪು ಎರೆಮಣ್ಣಿನಲ್ಲಿ ಈ ಹಾನಿ ಇನ್ನೂ ಜೋರು. ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಸವಳು-ಜವಳು ಭೂಮಿ ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅತಿ ನೀರಾವರಿಯಿಂದ ಈಗಾಗಲೇ ಸವಳಾಗುತ್ತಿರುವ ಸೀಮೆಗೆ ಕಾರ್ಖಾನೆಯ ಉಪ್ಪೂ ಸೇರಿದರೆ ಆ ಹೊಲ ಮರಳಿ ಸರಿಯಾಗಲು ದಶಕಗಳೇ ಬೇಕು.

ಲೆಕ್ಕ ಹಾಕಿ ನೋಡೋಣ

ದಿನಕ್ಕೆ 10 ಲಕ್ಷ ಲೀಟರ್ ತ್ಯಾಜ್ಯ ಬರುವ ಒಂದು ಸಣ್ಣ ಸಾಮೂಹಿಕ ಘಟಕವಿದೆ ಎಂದುಕೊಳ್ಳಿ. ನೀರಿನಲ್ಲಿ ಲೀಟರಿಗೆ 6 ಗ್ರಾಂ ಉಪ್ಪಿದೆ. ಅಂದರೆ ದಿನಕ್ಕೆ 6 ಟನ್. ವರ್ಷಕ್ಕೆ 330 ದಿನ ನಡೆದರೆ ಸುಮಾರು 2000 ಟನ್.

ಆ ನೀರನ್ನು, ಉಪ್ಪನ್ನು ತಡೆದು ನೀರನ್ನಷ್ಟೇ ದಾಟಿಸುವ ಆರ್‌ಒ ಪೊರೆಗಳ ಮೂಲಕ ಒತ್ತಿದರೆ 8.5 ಲಕ್ಷ ಲೀಟರ್ ಒಳ್ಳೆಯ ನೀರು ಸಿಗುತ್ತದೆ ಎನ್ನೋಣ. ಇಲ್ಲಿಯವರೆಗೆ ಎಲ್ಲರಿಗೂ ಖುಷಿ. ಆದರೆ ಆರ್‌ಒ ಉಪ್ಪನ್ನು ನಾಶ ಮಾಡುವುದಿಲ್ಲ, ಉಳಿದ ನೀರಿಗೆ ದೂಡುತ್ತದೆ. ಬತ್ತಿಸಿದಷ್ಟೂ ಸಾರು ಉಪ್ಪಾಗುವಂತೆ, ಉಳಿದ 1.5 ಲಕ್ಷ ಲೀಟರ್‌ನಲ್ಲಿ ಆ 6 ಟನ್ ಉಪ್ಪೂ ಸೇರಿ ಲೀಟರಿಗೆ 40 ಗ್ರಾಂ ಆಗುತ್ತದೆ. ಸಮುದ್ರದ ನೀರಿನಲ್ಲಿ ಇರುವುದು ಸುಮಾರು 35 ಗ್ರಾಂ. ಸಮುದ್ರಕ್ಕಿಂತ ಉಪ್ಪಾದ ಒಂದೂವರೆ ಲಕ್ಷ ಲೀಟರ್ ನೀರು ಪ್ರತಿದಿನ ಎಲ್ಲಿಗೆ ಹೋಗಬೇಕು? ತಿರುಪ್ಪೂರು ಐದು ವರ್ಷ ಒದ್ದಾಡಿದ್ದು ಈ ಪ್ರಶ್ನೆಯ ಜೊತೆ.

ಉತ್ತರಗಳಲ್ಲಿ ಒಂದು ಆವಿಯಾಗಿಸುವುದು. ಸಾವಿರ ಲೀಟರ್ ನೀರನ್ನು ಆವಿ ಮಾಡಲು ಸುಮಾರು 625 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. ಒಂದು ಪಾತ್ರೆಯ ಆವಿಯಿಂದ ಮುಂದಿನ ಪಾತ್ರೆ ಕಾಯಿಸುವ, ಆವಿಯನ್ನೇ ಒತ್ತಿ ಮತ್ತೆ ಬಳಸುವ ಯಂತ್ರಗಳು ಈ ಹೊರೆಯನ್ನು ಬಹಳಷ್ಟು ಇಳಿಸುತ್ತವೆ. ಇಳಿಸಿದರೂ ಆರ್‌ಒಗೆ ಬೇಕಾಗುವ ವಿದ್ಯುತ್ತಿನ ಹತ್ತು ಪಟ್ಟಿನಷ್ಟು ಖರ್ಚಾಗುತ್ತದೆ. ಕೊನೆಯ ಹದಿನೈದು ಪಾಲು ನೀರಿಗೆ ತಗಲುವ ಹಣ ಮೊದಲಿನ ಎಂಬತ್ತೈದು ಪಾಲಿನದ್ದಕ್ಕಿಂತ ಹೆಚ್ಚಾಗುವುದು ಹೀಗೆ. ಹೊಸ ನೀರಿನ ದರಕ್ಕೆ ಹೋಲಿಸಿದರೆ ಒಟ್ಟು ವೆಚ್ಚ ಹಲವು ಪಟ್ಟು.

ಆವಿ ಮಾಡಿದ ಮೇಲೂ ಉಪ್ಪು ಉಳಿದೇ ಇದೆ, ಈಗ ಗಟ್ಟಿಯಾಗಿ. ಬಗೆಬಗೆಯ ಉಪ್ಪು, ಬಣ್ಣದ ಶೇಷ ಬೆರೆತ ಈ ರಾಶಿಯನ್ನು ಯಾರೂ ಕೊಳ್ಳುವುದಿಲ್ಲ. ಮಳೆಗೆ ಕರಗಿದರೆ ಮತ್ತೆ ಹಳ್ಳಕ್ಕೇ ಹೋಗುತ್ತದೆ. ಹಾಗಾಗಿ ಚೀಲಗಳಲ್ಲಿ ತುಂಬಿ ಶೆಡ್ಡುಗಳಲ್ಲಿ ಒಟ್ಟಬೇಕಾಗುತ್ತದೆ. ಶುದ್ಧೀಕರಣದ ಶೇಷವನ್ನು ಹೇಗೆಂದರೆ ಹಾಗೆ ಕೂಡಿಟ್ಟರೆ ಏನಾಗಬಹುದು ಎಂಬುದಕ್ಕೆ 2015ರ ಜನವರಿಯಲ್ಲಿ ತಮಿಳುನಾಡಿನ ರಾಣಿಪೇಟೆಯಲ್ಲಿ ನಡೆದ ದುರಂತ ಸಾಕ್ಷಿ. ಚರ್ಮೋದ್ಯಮದ ಸಾಮೂಹಿಕ ಘಟಕವೊಂದರಲ್ಲಿ ಕೆಸರು ತುಂಬಿದ ತೊಟ್ಟಿಯ ಗೋಡೆ ರಾತ್ರಿ ಕುಸಿದು, ಮಲಗಿದ್ದ 10 ಕಾರ್ಮಿಕರು ಸತ್ತರು.

ಎರಡನೆಯ ಉತ್ತರ ಹೆಚ್ಚು ಜಾಣತನದ್ದು. ಬಣ್ಣ ಹಾಕಲು ಹೇಗೂ ಉಪ್ಪುನೀರೇ ಬೇಕು. ಹಾಗಿದ್ದಮೇಲೆ ಉಪ್ಪುನೀರನ್ನು ಒಣಗಿಸುವುದೇಕೆ? ಅದರಲ್ಲಿನ ಬಣ್ಣ, ಗಡಸುತನ ತೆಗೆದು ಹಾಗೆಯೇ ಬಣ್ಣದ ತೊಟ್ಟಿಗೆ ಮರಳಿಸಿದರೆ ಆವಿಯ ಖರ್ಚೂ ಉಳಿಯುತ್ತದೆ, ಹೊಸ ಉಪ್ಪು ಕೊಳ್ಳುವ ಖರ್ಚೂ ಉಳಿಯುತ್ತದೆ. ತಿರುಪ್ಪೂರಿನ ಅರುಳ್‌ಪುರಂ ಘಟಕದಲ್ಲಿ ಇದನ್ನು ಮಾಡಿ ತೋರಿಸಿದರು. ಆದರೆ ಇದಕ್ಕೊಂದು ಷರತ್ತಿದೆ. ಘಟಕಕ್ಕೆ ನೀರು ಕಳಿಸುವ ಎಲ್ಲ ಸದಸ್ಯರೂ ಒಂದೇ ಬಗೆಯ ಉಪ್ಪು ಬಳಸಬೇಕು. ಒಬ್ಬ ಅಡುಗೆ ಉಪ್ಪು, ಇನ್ನೊಬ್ಬ ಸೋಡಿಯಂ ಸಲ್ಫೇಟ್ ಹಾಕಿದರೆ ಸಿಗುವುದು ಬೆರಕೆ ಉಪ್ಪು, ಯಾರ ಕೆಲಸಕ್ಕೂ ಬಾರದ್ದು. ಯಂತ್ರ ಕೊಂಡರಷ್ಟೇ ಸಾಲದು, ಪೈಪೋಟಿಯಲ್ಲಿರುವ ಮಾಲೀಕರು ಒಂದು ಶಿಸ್ತಿಗೆ ಬರಬೇಕು.

ಯಾರ ವಾದ ಏನು

ಉದ್ಯಮಿಗಳ ತಕರಾರನ್ನು ನೆಪ ಎಂದು ತಳ್ಳಿಹಾಕುವಂತಿಲ್ಲ. ಒಂದು ರಾಜ್ಯದಲ್ಲಿ ಕಟ್ಟುನಿಟ್ಟು, ಇನ್ನೊಂದರಲ್ಲಿ ಸಡಿಲ ಎಂದಾದರೆ ಗ್ರಾಹಕ ಅಗ್ಗದ ಕಡೆ ಹೋಗುತ್ತಾನೆ. ವಿದೇಶಿ ಬ್ರ್ಯಾಂಡ್‌ಗಳು ಪರಿಸರದ ಪ್ರಮಾಣಪತ್ರ ಕೇಳುತ್ತವೆ, ಅದಕ್ಕೆ ತಕ್ಕ ದರ ಕೊಡುವುದಿಲ್ಲ. ಕೇಂದ್ರ 2015ರಲ್ಲಿ, ದಿನಕ್ಕೆ 25 ಸಾವಿರ ಲೀಟರ್‌ಗಿಂತ ಹೆಚ್ಚು ತ್ಯಾಜ್ಯ ಬಿಡುವ ಎಲ್ಲ ಜವಳಿ ಘಟಕಗಳಿಗೂ ಶೂನ್ಯ ವಿಸರ್ಜನೆ ಕಡ್ಡಾಯ ಮಾಡುವ ಕರಡು ತಂದಿತ್ತು. 2016ರ ಅಂತಿಮ ಅಧಿಸೂಚನೆಯಲ್ಲಿ ಅದು ದೇಶಕ್ಕೆಲ್ಲ ಕಡ್ಡಾಯವಾಗಿ ಉಳಿಯಲಿಲ್ಲ, ಸೂಕ್ಷ್ಮ ಪ್ರದೇಶಗಳಲ್ಲಿ ಬೇಕಾದರೆ ರಾಜ್ಯ ಮಂಡಳಿಗಳು ವಿಧಿಸಬಹುದು ಎಂದಾಯಿತು. ಬಿಗಿ ಮಾಡಿದ ಊರಿಗೇ ನಷ್ಟ ಎಂಬ ಸ್ಥಿತಿ ಹಾಗೆಯೇ ಮುಂದುವರಿಯಿತು.

ಪರಿಸರದ ಕಡೆಯಿಂದಲೂ ಒಂದು ಆಕ್ಷೇಪವಿದೆ. ನದಿ ಉಳಿಸಲು ಕಲ್ಲಿದ್ದಲು, ಸೌದೆ ಸುಟ್ಟು ಆವಿ ಎಬ್ಬಿಸಿದರೆ ಮಾಲಿನ್ಯ ನೀರಿನಿಂದ ಗಾಳಿಗೆ ಸಾಗುತ್ತದೆ ಅಷ್ಟೇ ಎನ್ನುವವರು ಇದ್ದಾರೆ. ಸಂಸ್ಕರಿಸಿದ ನೀರನ್ನು ಕೊಳವೆಯಲ್ಲಿ ಸಮುದ್ರಕ್ಕೆ ಬಿಡುವುದೇ ಮೇಲು ಎಂಬುದು ಅವರಲ್ಲಿ ಕೆಲವರ ಅಭಿಪ್ರಾಯ. ಕರಾವಳಿಯ ಗುಜರಾತಿನಲ್ಲಿ ಆ ದಾರಿ ಇದೆ. ಆದರೆ ಕೊಳವೆಯಲ್ಲಿ ಹೋದ ನೀರು ಮರಳಿ ಬರುವುದಿಲ್ಲ. ಬರದ ಸೀಮೆಗೆ ಅದು ಪರಿಹಾರವಾಗದು, ಸಮುದ್ರ ಕೆಟ್ಟರೆ ಹೇಗೆ ಎಂಬ ಮೀನುಗಾರರ ಪ್ರಶ್ನೆಗೂ ಉತ್ತರವಾಗದು.

ರೈತರ ಮಾತು ಎಲ್ಲಕ್ಕಿಂತ ಚಿಕ್ಕದು: ನಮ್ಮ ಹೊಲಕ್ಕೆ ಉಪ್ಪು ಬರಬಾರದು. ಉಳಿದವರ ಲೆಕ್ಕದಲ್ಲಿ ಲಾಭನಷ್ಟವಿದೆ, ಅವರ ಲೆಕ್ಕದಲ್ಲಿ ನೆಲವೇ ಇದೆ. ಯಾವುದಕ್ಕೆ ಮೊದಲ ಮಣೆ ಎಂದು ಕೇಳಿದರೆ ಈ ಲೇಖನ ರೈತರ ಕಡೆಗೇ ನಿಲ್ಲುತ್ತದೆ. ಕಾರ್ಖಾನೆಯನ್ನು ಬೇರೆಡೆ ಕಟ್ಟಬಹುದು, ಸವಳಾದ ಹೊಲವನ್ನು ಕಟ್ಟಲಾಗದು.

ಕೊಳಚೆ ನೀರು ಬೇರೆ, ಕಾರ್ಖಾನೆ ನೀರು ಬೇರೆ

ಸಾರ್ವಜನಿಕ ಚರ್ಚೆಯಲ್ಲಿ ಇವೆರಡೂ ಕಲಸಿಹೋಗುತ್ತವೆ. ಊರಿನ ಕೊಳಚೆ ನೀರಿನಲ್ಲಿ ಹೊಲಸು ಹೆಚ್ಚು, ಉಪ್ಪು ಕಡಿಮೆ. ಹೊಲಸನ್ನು ಬ್ಯಾಕ್ಟೀರಿಯಾ ತಿನ್ನುತ್ತದೆ, ಹಾಗಾಗಿ ಸಂಸ್ಕರಣೆ ಅಗ್ಗ. ಸೂರತ್ ಮಹಾನಗರ ಪಾಲಿಕೆ 2014ರಿಂದ ಹೀಗೆ ಸಂಸ್ಕರಿಸಿದ ದಿನಕ್ಕೆ 4 ಕೋಟಿ ಲೀಟರ್ ನೀರನ್ನು ಪಾಂಡೇಸರಾ ಕೈಗಾರಿಕಾ ಪ್ರದೇಶಕ್ಕೆ ಮಾರುತ್ತಿದೆ. ಚೆನ್ನೈನಲ್ಲಿ ಕೊಡುಂಗೈಯೂರು, ಕೊಯಂಬೇಡುಗಳಲ್ಲಿ ತಲಾ 4.5 ಕೋಟಿ ಲೀಟರ್‌ನ ಘಟಕಗಳು 2019ರಿಂದ ಕಾರ್ಖಾನೆಗಳಿಗೆ ನೀರು ಕೊಡುತ್ತಿವೆ. ನೀರಿನ ಕೊರತೆ ನೀಗಿಸುವುದಷ್ಟೇ ಗುರಿಯಾದರೆ ಮೊದಲು ಕೈಹಾಕಬೇಕಾದ್ದು ಊರಿನ ಕೊಳಚೆಗೆ. ಪ್ರತಿ ರೂಪಾಯಿಗೆ ಹೆಚ್ಚು ನೀರು ಸಿಗುವುದು ಅಲ್ಲಿ.

ಆದರೆ ಆ ನೀರಿಗೆ ಕಾರ್ಖಾನೆಯ ನೀರು ಬೆರೆಯಬಾರದು. ಬೆಂಗಳೂರಿನ ಸಂಸ್ಕರಿತ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ಬಗ್ಗೆ ಎದ್ದ ಆತಂಕದ ಮೂಲವೂ ಇದೇ. ಸಾಮಾನ್ಯ ಕೊಳಚೆ ಘಟಕ ಲೋಹವನ್ನೂ ಉಪ್ಪನ್ನೂ ತೆಗೆಯುವಂತೆ ಕಟ್ಟಿದ್ದಲ್ಲ. ಒಳಚರಂಡಿಗೆ ಕದ್ದು ಬಿಟ್ಟ ಒಂದು ಟ್ಯಾಂಕರ್ ರಾಸಾಯನಿಕ ಇಡೀ ಊರಿನ ಸಂಸ್ಕರಿತ ನೀರಿನ ನಂಬಿಕೆಯನ್ನೇ ಕೆಡಿಸಬಲ್ಲದು.

ಬಳ್ಳಾರಿಗೆ, ಕಲಬುರಗಿಗೆ ಮುಂದೇನು

ಬಳ್ಳಾರಿಗೆ ತಿರುಪ್ಪೂರಿಗಿಲ್ಲದ ಒಂದು ಅನುಕೂಲವಿದೆ. ನೀಲಿ ಜೀನ್ಸ್ ತೊಳೆದ ನೀರಿನಲ್ಲಿರುವುದು ಮುಖ್ಯವಾಗಿ ಇಂಡಿಗೊ, ಗಂಜಿ, ಕಲ್ಲಿನ ಪುಡಿ. ಇಂಡಿಗೊ ನೀರಿನಲ್ಲಿ ಕರಗದ ಬಣ್ಣ, ಇಳಿಸಿ ಸೋಸುವುದು ಸುಲಭ. ಉಪ್ಪಿನ ಹೊರೆ ಹೆಚ್ಚು ಬರುವುದು ಬಣ್ಣ ಹಾಕುವ ತೊಟ್ಟಿಯಿಂದ, ಬ್ಲೀಚ್ ಹಂತದಿಂದ. ಈ ಎರಡು ಬಗೆಯ ನೀರನ್ನು ಮೊದಲೇ ಬೇರೆ ಬೇರೆ ಕೊಳವೆಯಲ್ಲಿ ಹಿಡಿದರೆ, ಹೆಚ್ಚಿನ ಪಾಲನ್ನು ಕಡಿಮೆ ಖರ್ಚಿನಲ್ಲಿ ಸೋಸಿ ಗಂಜಿ ಬಿಡಿಸಲು, ಕಲ್ಲಿನಲ್ಲಿ ತೊಳೆಯಲು ಮತ್ತೆ ಬಳಸಬಹುದು. ಆರ್‌ಒ, ಆವಿಯ ಯಂತ್ರ ಬೇಕಾಗುವುದು ಉಪ್ಪು ನೀರಿನ ಸಣ್ಣ ಪಾಲಿಗೆ ಮಾತ್ರ. ಎಲ್ಲವನ್ನೂ ಒಂದೇ ಚರಂಡಿಗೆ ಬಿಟ್ಟು ಕೊನೆಯಲ್ಲಿ ದೊಡ್ಡ ಯಂತ್ರ ಕೂರಿಸಿದರೆ ಹಾಗಾಗದು, ಇಡೀ ನೀರೇ ಉಪ್ಪಾಗಿರುತ್ತದೆ. ಲೇಸರ್, ಓಜೋನ್ ಬಳಸಿ ನೀಲಿ ಉದುರಿಸುವ ಯಂತ್ರಗಳು ಬಂದರೆ ನೀರಿನ ಬೇಡಿಕೆಯೇ ಇಳಿಯುತ್ತದೆ. ಅವನ್ನು ಒಬ್ಬೊಬ್ಬ ಸಣ್ಣ ಮಾಲೀಕ ಕೊಳ್ಳಲಾರ, ಸಾಮೂಹಿಕವಾಗಿ ಕೊಳ್ಳಬಹುದು.

ಇದನ್ನೆಲ್ಲ ಘಟಕಗಳು ತಾವೇ ಮಾಡಿಕೊಳ್ಳಲಿ ಎಂದರೆ ಆಗುವ ಕೆಲಸವಲ್ಲ. ತಿರುಪ್ಪೂರಿನಲ್ಲೂ ಸರ್ಕಾರದ ಹಣ, ನ್ಯಾಯಾಲಯದ ಒತ್ತಡ, ಉದ್ಯಮದ ಒಗ್ಗಟ್ಟು ಮೂರೂ ಸೇರಿದಾಗಲೇ ಚಕ್ರ ತಿರುಗಿದ್ದು. ಬಳ್ಳಾರಿಯಲ್ಲಿ ಬರೀ ಬೀಗ ಹಾಕಿದರೆ ಕೆಲಸ ಊರ ಹೊರಗಿನ, ಲೆಕ್ಕಕ್ಕೆ ಸಿಗದ ಶೆಡ್ಡುಗಳಿಗೆ ಜಾರುವ ಅಪಾಯವಿದೆ. ಬರೀ ಬೀಗ ತೆಗೆದರೆ ನೀಲಿ ನೀರು ಮತ್ತೆ ಹಳ್ಳಕ್ಕೆ.

ಕಲಬುರಗಿಯ ಪ್ರಶ್ನೆ ಇನ್ನೂ ದೊಡ್ಡದು. ಕೇಂದ್ರ 2023ರಲ್ಲಿ ಘೋಷಿಸಿದ ಏಳು ಪಿಎಂ ಮಿತ್ರ ಜವಳಿ ಪಾರ್ಕ್‌ಗಳಲ್ಲಿ ಒಂದು ಅಲ್ಲಿಗೆ ಬಂದಿದೆ, 1000 ಎಕರೆಯಲ್ಲಿ. ಗುಜರಾತಿನ ಪಾರ್ಕ್ ಬರುವುದು ನವಸಾರಿಯಲ್ಲಿ, ಸಮುದ್ರದ ಬದಿಗೆ. ಕಲಬುರಗಿಯ ಸುತ್ತ ಇರುವುದು ಕಪ್ಪು ಎರೆಹೊಲ, ಕೆಳಗೆ ಹರಿಯುವುದು ಬೇಸಗೆಯಲ್ಲಿ ಬತ್ತುವ ಭೀಮಾ. ಅಲ್ಲಿ ಬಣ್ಣದ ಕಾರ್ಖಾನೆಗಳು ಬರುವುದಾದರೆ ನೀರು ಎಷ್ಟು ಮರಳಿಸುತ್ತೀರಿ ಎಂದಷ್ಟೇ ಕೇಳಿ ಸುಮ್ಮನಾಗುವಂತಿಲ್ಲ. ಕೇಂದ್ರದ ಕರಡು ನಿಯಮದ ಮುಖ್ಯ ಕೊರತೆಯೂ ಇಲ್ಲೇ ಇದೆ: ಅದರ ಗುರಿಗಳು ಮರುಬಳಸಿದ ನೀರಿನ ಪಾಲಿನಲ್ಲಿವೆ. ಶೇಕಡ 85 ಮರುಬಳಸಿದ ಕಾರ್ಖಾನೆ ಆ ಲೆಕ್ಕದಲ್ಲಿ ಮಾದರಿ ಎನಿಸಿಕೊಳ್ಳಬಹುದು, ಅದರ ಹಿತ್ತಲಲ್ಲಿ ದಿನವೂ 6 ಟನ್ ಉಪ್ಪು ಬೆಳೆಯುತ್ತಿರಬಹುದು. ವರ್ಷಕ್ಕೆ ಎಷ್ಟು ಟನ್ ಉಪ್ಪು ಒಳಗೆ ಬಂತು, ಎಷ್ಟು ಮತ್ತೆ ಬಳಕೆಯಾಯಿತು, ಉಳಿದದ್ದು ಯಾವ ಶೆಡ್ಡಿನಲ್ಲಿದೆ, ಅದರ ಹೊಣೆ ಹೊತ್ತವರು ಯಾರು ಎಂಬ ಲೆಕ್ಕವನ್ನು ಕಲಬುರಗಿಯ ಪಾರ್ಕ್‌ಗೆ ಪರಿಸರ ಅನುಮತಿ ಕೊಡುವ ಹಂತದಲ್ಲೇ ಬರೆಸಿಕೊಳ್ಳಬೇಕು, ಮತ್ತು ಆ ಲೆಕ್ಕವನ್ನು ಭೀಮಾ ದಂಡೆಯ ರೈತರು ತಾವೇ ಓದಿ ನೋಡುವಂತೆ ಕನ್ನಡದಲ್ಲಿ ಪ್ರತಿ ವರ್ಷ ಪ್ರಕಟಿಸಬೇಕು.